ಬಿಸಿಲೂರಿಗೆ ಡ್ರೈಯರ್ ಯಾಕೆ?

ಈ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಕೆಲಸ ಜಾಸ್ತಿ ಇತ್ತು ಅಂತ ಎಂದಿನ ಸುಳ್ಳು ಹೇಳಲ್ಲ. ಬರೆಯೋಕೆ ಕೂತಾಗಲೆಲ್ಲ ಒಂದೇ ವಿಷಯ ಅಡ್ಡ ಬಂದು ನಿಲ್ತಿತ್ತು. ಇದನ್ನ ಬರೆದು ಮುಗಿಸದೆ ಬೇರೇನೂ ಬರೆಯೋಕಾಗಲ್ಲ ಅನ್ನಿಸ್ತು. ವಿಷಯ ಏನು ಅಂದ್ರೆ... ನಗಬೇಡಿ, ಬಟ್ಟೆ ಡ್ರೈಯರ್ ರಿಪೇರಿ. :)

ಮೊದಲು ಡ್ರೈಯರ್ ಅಂದ್ರೆ ಯಾವುದು ಅಂತ ಹೇಳ್ಬಿಡ್ತೀನಿ. ಯಾಕಂದ್ರೆ ನ್ಯೂಜೆರ್ಸಿಯಲ್ಲಿರೋ ನನ್ನ ತಮ್ಮನಿಗೂ ನನಗೂ ಈ ಪದದ ವಿಷಯದಲ್ಲಿ ಫೋನಲ್ಲೇ ಜಗಳ ಆಗಿದೆ. ಅವನ ಮನೆಯ ಡ್ರೈಯರ್ ಅಂದ್ರೆ ಬಟ್ಟೆಗಳನ್ನ ಉರುಳಿಸ್ತಾ ಬಿಸಿಗಾಳಿ ಊದೋ ದೊಡ್ಡ ಪೆಟ್ಟಿಗೆ. ಕರೆಂಟಿನದ್ದಾದ್ರೆ ನಾಲ್ಕೈದು ಸಾವಿರ ವ್ಯಾಟ್ ನುಂಗುತ್ತೆ. ಒಳಗೆ ಹಾಕಿದ ಬಟ್ಟೆ ಬೆಚ್ಚಗೆ, ಮಡಚಿ ಇಡೋ ಹಾಗೆ ಹೊರಗೆ ಬರುತ್ತೆ. ನಮ್ಮ ಕಡೆ ಡ್ರೈಯರ್ ಅಂದ್ರೆ ಅದಲ್ಲ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷೀನ್ ಇರುತ್ತಲ್ಲ, ಅದರ ಬಲಗಡೆಯ ಚಿಕ್ಕ ತೊಟ್ಟಿ. ಅದರಲ್ಲಿ ಬಿಸಿಗಾಳಿ ಇಲ್ಲ, ಏನೂ ಇಲ್ಲ. ತೂತುಗಳಿರೋ ಒಂದು ಬುಟ್ಟಿ ನಿಮಿಷಕ್ಕೆ ಸುಮಾರು 1,300 ಸುತ್ತು ಗಿರ್ರನೆ ತಿರುಗುತ್ತೆ, ಬಟ್ಟೆ ಗೋಡೆಗೆ ಅಂಟಿಕೊಳ್ಳುತ್ತೆ, ನೀರು ತೂತಿನಿಂದ ಆಚೆ ಹಾರುತ್ತೆ. ಬುಟ್ಟಿ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ನಾನೊಂದ್ಸಲ ಲೆಕ್ಕ ಹಾಕಿದ್ದೆ, ಆ ವೇಗದಲ್ಲಿ ಬಟ್ಟೆಯೊಳಗಿನ ನೀರಿನ ಮೇಲೆ ಬೀಳೋ ಎಳೆತ ಭೂಮಿಯ ಎಳೆತಕ್ಕಿಂತ ಇನ್ನೂರು ಪಟ್ಟು ಜಾಸ್ತಿ. ಆದ್ರೂ ಕರೆಂಟು ಒಂದು ಮಿಕ್ಸಿಗಿಂತ ಕಮ್ಮಿ. ನಿಜವಾಗಿ ಹೇಳಬೇಕಂದ್ರೆ ಇದು ಬಟ್ಟೆ ಒಣಗಿಸಲ್ಲ, ಹಿಂಡುತ್ತೆ ಅಷ್ಟೆ. ಈ ಮಾತು ನೆನಪಿಟ್ಕೊಳ್ಳಿ. ನಾನೇ ಹೇಳಿದ ಈ ಮಾತು ನನಗೇ ಅರ್ಥ ಆಗೋಕೆ ಏಳು ವರ್ಷ ಬೇಕಾಯ್ತು.

ನಮ್ಮದು ಮಧುಗಿರಿ. ಅಕ್ಕನನ್ನ ಕೊಟ್ಟಿರೋದು ಶಿರಾಕ್ಕೆ. ದೊಡ್ಡಮ್ಮ ಕೊರಟಗೆರೆ ಪಕ್ಕದ ಹಳ್ಳಿ. ಸೋದರತ್ತೆ ಪಾವಗಡ. ಹೀಗೆ ನಮ್ಮ ಬಳಗವೆಲ್ಲ ತುಮಕೂರು ಜಿಲ್ಲೆಯ ಒಣ ತಾಲ್ಲೂಕುಗಳಲ್ಲೇ ಹರಡಿಕೊಂಡಿದೆ. ವರ್ಷಕ್ಕೆ ಐದಾರುನೂರು ಮಿಲಿಮೀಟರ್ ಮಳೆ ಬಿದ್ರೆ 'ಈ ಸಲ ಪರವಾಗಿಲ್ಲ' ಅನ್ನೋ ಜನ ನಾವು. ಬೇಸಿಗೆಯಲ್ಲಿ ಮಧುಗಿರಿ ಬೆಟ್ಟದ ಬಂಡೆ ಹಗಲೆಲ್ಲ ಕಾದು ಕಾದು ರಾತ್ರಿ ಊಟದ ಹೊತ್ತಿಗೂ ಊರಿನ ಮೇಲೆ ಸೆಕೆ ಬಿಡ್ತಾ ಇರುತ್ತೆ. ಪಾವಗಡದ ಬಿಸಿಲಿನ ಬಗ್ಗೆಯಂತೂ ಕೇಳಲೇಬೇಡಿ. ಅಲ್ಲಿ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಮಾಡಿದ್ದಾರೆ. 2018ರಲ್ಲಿ ಶುರುವಾಗಿ 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯ್ತು. ರೈತರಿಂದ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆ ಶುರು ಮಾಡಿದ್ರು. ಕಡಲೆಕಾಯಿ ಕೈಕೊಟ್ಟ ಹೊಲದಲ್ಲಿ ಬಿಸಿಲೇ ಬೆಳೆ ಆಯ್ತು.

ಇಂಥ ಊರಿನಲ್ಲಿ ಡ್ರೈಯರ್ ಯಾಕೆ?

2016ರಲ್ಲಿ ಅಮ್ಮ ಮೆಷೀನ್ ಬೇಕು ಅಂದಾಗ ನಾನು ಕೇಳಿದ ಪ್ರಶ್ನೆ ಇದೇ. ಅಪ್ಪನೂ ಧ್ವನಿಗೂಡಿಸಿದ್ರು. "ಏಪ್ರಿಲಲ್ಲಿ ಪಂಚೆ ತಂತಿ ಮೇಲೆ ಹಾಕಿ ಕಾಫಿ ಕುಡಿದು ಬರೋಷ್ಟರಲ್ಲಿ ಹಪ್ಪಳ ಆಗಿರುತ್ತೆ. ಪುಕ್ಕಟೆ ಸೂರ್ಯ ಇದ್ದಾನೆ, ಮೆಷೀನ್ ಯಾಕೆ?" ಅಂತ. ಅಮ್ಮ ವಾದ ಮಾಡಲಿಲ್ಲ. ಎರಡು ತಿಂಗಳು ಬಿಟ್ಟು ತಾನು ಚೀಟಿ ಹಾಕಿ ಎತ್ತಿದ ದುಡ್ಡಲ್ಲಿ ತಾನೇ ತಂದಳು.

ತಂದ ಮೇಲೆ ಇನ್ನೊಂದು ತಮಾಷೆ. ಅಮ್ಮ ಒಗೆಯೋ ತೊಟ್ಟಿ ಮುಟ್ಟಲೇ ಇಲ್ಲ! ಬಟ್ಟೆಯನ್ನ ಹಿತ್ತಲ ಒಗೆಯೋ ಕಲ್ಲಿನ ಮೇಲೇ ಸೋಪು ಹಚ್ಚಿ, ಉಜ್ಜಿ, ಎರಡು ಬಕೆಟ್ ನೀರಲ್ಲಿ ಜಾಲಿಸಿ, ತೊಟ್ಟಿಕ್ಕುತ್ತಿರೋ ಹಾಗೇ ಎತ್ತಿ ತಂದು ಡ್ರೈಯರಿಗೆ ಹಾಕೋಳು. ಒಗೆಯೋ ತೊಟ್ಟಿಯಲ್ಲಿ ಬಟ್ಟೆಗೆ ಹಾಕೋ ಕ್ಲಿಪ್ಪುಗಳು, ಹಳೇ ಚೀಲ, ಒಂದ್ಸಲ ನೋಡಿದ್ರೆ ಹುಣಸೆಹಣ್ಣಿನ ಡಬ್ಬಿ! "ಅರ್ಧ ಮೆಷೀನ್ ತಗೊಂಡಿದ್ರೆ ಆಗ್ತಿತ್ತಲ್ಲಮ್ಮ" ಅಂತ ನಾನು ರೇಗಿಸ್ತಿದ್ದೆ. "ಅದರಲ್ಲಿ ಕಾಲರ್ ಕೊಳೆ ಹೋಗಲ್ಲ ಕಣೋ" ಅಂತ ಹೇಳಿ ಸುಮ್ಮನಾಗೋಳು. ಗೆಳೆಯರ ಹತ್ತಿರ ಈ ಕತೆ ಹೇಳಿ ನಗಿಸಿದ್ದೂ ಇದೆ.

ಈಗ 2023ರ ಯುಗಾದಿಗೆ ಬರೋಣ. ಹಬ್ಬಕ್ಕೆ ಊರಿಗೆ ಹೋದಾಗ ಡ್ರೈಯರ್ ಕೆಟ್ಟಿತ್ತು. ಟೈಮರ್ ತಿರುಗಿಸಿದ್ರೆ ಟಿಕ್ ಟಿಕ್ ಅನ್ನುತ್ತೆ, ಆದ್ರೆ ಬುಟ್ಟಿ ಅಲ್ಲಾಡಲ್ಲ, ಗುಂಯ್ ಅನ್ನೋ ಸದ್ದೂ ಇಲ್ಲ. ಪ್ಲಗ್ ಕಿತ್ತು, ಹಿಂದಿನ ಹಲಗೆ ಬಿಚ್ಚಿ ಕೂತೆ.

ಒಳಗೆ ಏನಿರುತ್ತೆ ಅಂತ ಸ್ವಲ್ಪ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು. ಟೈಮರಿನಿಂದ ಹೊರಟ ಕರೆಂಟು ನೇರ ಮೋಟರಿಗೆ ಹೋಗಲ್ಲ. ನಡುವೆ ಮುಚ್ಚಳದ ಕೆಳಗೆ ಒಂದು ಚಿಕ್ಕ ಸ್ವಿಚ್ ಇರುತ್ತೆ. ಮುಚ್ಚಳ ಮುಚ್ಚಿದ್ರೆ ಮಾತ್ರ ಅದು ಆನ್. ಅದೇ ಮುಚ್ಚಳದಿಂದ ಒಂದು ತಂತಿ ಕೆಳಗಿಳಿದು ಮೋಟರಿನ ಮೇಲಿರೋ ಬ್ರೇಕಿಗೆ ಹೋಗುತ್ತೆ, ಸೈಕಲ್ ಬ್ರೇಕ್ ವೈರ್ ಥರಾನೇ, ಆದ್ರೆ ಉಲ್ಟಾ. ಮುಚ್ಚಿದಾಗ ತಂತಿ ಎಳೆದುಕೊಂಡು ಬ್ರೇಕ್ ಬಿಡುತ್ತೆ. ತೆರೆದ ಕೂಡಲೇ ತಂತಿ ಸಡಿಲ ಆಗಿ ಸ್ಪ್ರಿಂಗ್ ಬ್ರೇಕ್ ಹಿಡಿಯುತ್ತೆ. ಅಂದ್ರೆ ಮುಚ್ಚಳ ಎತ್ತಿದ್ರೆ ಎರಡು ಕೆಲಸ ಒಟ್ಟಿಗೆ ಆಗಬೇಕು, ಕರೆಂಟು ಹೋಗಬೇಕು, ಬುಟ್ಟಿ ನಿಲ್ಲಬೇಕು.

ನಮ್ಮ ಮೆಷೀನಲ್ಲಿ ಮುಚ್ಚಳದ ತುದಿಯಲ್ಲಿ ಈ ಎರಡೂ ಕೆಲಸ ಮಾಡಿಸೋ ಒಂದು ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಹೆಬ್ಬೆರಳಷ್ಟು ಗಾತ್ರದ್ದು. ಹಬ್ಬದ ದಿನ, ಅಂಗಡಿ ಇಲ್ಲ. ಮಾರನೇ ದಿನ ಹೊಸತೊಡಕು, ಅವತ್ತೂ ಇಲ್ಲ. ಅವತ್ತು ಸಂಜೆಯ ಬಸ್ಸಿಗೆ ನಾನು ಬೆಂಗಳೂರಿಗೆ ಹೊರಡಬೇಕು. ಏನು ಮಾಡಿದೆ ಗೊತ್ತಾ? ಸ್ವಿಚ್ಚಿನ ಎರಡು ವೈರ್ ಬಿಡಿಸಿ, ಸುತ್ತಿ, ಟೇಪ್ ಹಾಕಿದೆ. ನಮ್ಮ ಕಡೆ ಇದಕ್ಕೆ 'ಡೈರೆಕ್ಟ್ ಮಾಡೋದು' ಅಂತಾರೆ. ಬ್ರೇಕ್ ತಂತಿ ಎಳೆದು ಬೈಂಡಿಂಗ್ ವೈರಿನಲ್ಲಿ ಬಿಗಿಯಾಗಿ ಕಟ್ಟಿದೆ, ಬ್ರೇಕ್ ಯಾವಾಗಲೂ ಬಿಟ್ಟೇ ಇರೋ ಹಾಗೆ. ಟೈಮರ್ ತಿರುಗಿಸಿದೆ. ಗಿರ್ರ್!

ಹತ್ತು ನಿಮಿಷದ ಕೆಲಸ. ಒಂದು ಪೈಸೆ ಖರ್ಚಿಲ್ಲ. ಅಪ್ಪ ಪಕ್ಕದ ಮನೆಯವರನ್ನ ಕರೆದು ತೋರಿಸಿದ್ರು. ಅಮ್ಮ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟಳು. "ಆಮೇಲೆ ಕೊಕ್ಕೆ ತಂದು ಹಾಕ್ತೀನಿ" ಅಂತ ಹೇಳಿದ್ದೆ. ಆಮೇಲೆ ಅನ್ನೋದು ಯಾವತ್ತು ಬಂದಿದೆ ಹೇಳಿ...

ನಾನು ಡ್ರೈಯರ್ ರಿಪೇರಿ ಮಾಡಿದ ಸುದ್ದಿ ಬಳಗದಲ್ಲೆಲ್ಲ ಹಬ್ಬಿತು. ಆ ವರ್ಷ ದಸರಾ ರಜೆಗೆ ಹೋದಾಗ ಮೂರು ಊರಿನಿಂದ ಕರೆ ಬಂದಿತ್ತು. ಅಪ್ಪನ ಹಳೇ ಸ್ಕೂಟರಿನಲ್ಲಿ ಸ್ಕ್ರೂಡ್ರೈವರು, ಟೆಸ್ಟರು, ಕಟಿಂಗ್ ಪ್ಲೇಯರ್ ಹಾಕಿಕೊಂಡು ಹೊರಟೆ.

ಮೊದಲು ಶಿರಾ. ಅಕ್ಕನ ಡ್ರೈಯರ್ ಕುಣೀತಿತ್ತು. ಕುಣಿತ ಅಂದ್ರೆ ಬಚ್ಚಲಿನ ಈ ಮೂಲೆಯಿಂದ ಆ ಮೂಲೆಗೆ ನಡ್ಕೊಂಡು ಹೋಗೋದು. "ದೆವ್ವ ಹೊಕ್ಕಿದೆ ಕಣೋ ಇದಕ್ಕೆ" ಅಂದಳು. ದೆವ್ವ ಇರಲಿಲ್ಲ, ಭಾವನ ಜೀನ್ಸ್ ಪ್ಯಾಂಟ್ ಇತ್ತು. ಒಂದು ದಪ್ಪ ಒದ್ದೆ ಪ್ಯಾಂಟು ಒಂದು ಕಡೆ, ಎದುರಿಗೆ ಮಗಳ ಎರಡು ಫ್ರಾಕು. ಅಷ್ಟು ವೇಗದಲ್ಲಿ ತಿರುಗುವಾಗ ಒಂದು ಕಡೆ ಅರ್ಧ ಕೆಜಿ ಹೆಚ್ಚಾದ್ರೂ ಬುಟ್ಟಿ ಸುತ್ತಿ ಸುತ್ತಿ ಹೊಡೆಯುತ್ತೆ. ಇನ್ನೊಂದು ಕಾರಣ ನೆಲ. ಬಚ್ಚಲಿನ ನೆಲ ನೀರು ಹೋಗೋ ತೂತಿನ ಕಡೆ ಇಳಿಜಾರು ಇರುತ್ತಲ್ಲ, ಹಾಗಾಗಿ ಮೆಷೀನಿನ ಒಂದು ಕಾಲು ಗಾಳಿಯಲ್ಲಿ! ಅಕ್ಕ ರಟ್ಟು ಮಡಚಿ ಇಟ್ಟಿದ್ದಳು, ಅದು ನೆಂದು ಮುದ್ದೆ ಆಗಿತ್ತು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಕೊಟ್ಟೆ, ರಬ್ಬರ್ ನೆನೆಯಲ್ಲ, ಜಾರಲ್ಲ. ತಳದಲ್ಲಿ ಮೋಟರನ್ನ ಹೊತ್ತಿರೋ ಸ್ಪ್ರಿಂಗುಗಳು ಸರಿಯಾಗಿದ್ವು. ತಳ ತೆರೆದಿತ್ತು, ಇಲಿ ಒಂದು ವೈರಿನ ಮೇಲೆ ಹಲ್ಲು ಪರೀಕ್ಷೆ ಮಾಡಿತ್ತು. ಅದಕ್ಕೊಂದು ಜಾಲರಿ ಕಟ್ಟಿ, ಬಟ್ಟೆಯನ್ನ ಸುತ್ತ ಸಮವಾಗಿ ಒತ್ತಿ ಹಾಕಿ ಮೇಲೆ ಆ ತೂತಿನ ಪ್ಲಾಸ್ಟಿಕ್ ತಟ್ಟೆ ಮರೆಯದೆ ಇಡು ಅಂತ ಹೇಳಿ ಹೊರಟೆ. ಆ ತಟ್ಟೆಯನ್ನ ಅಕ್ಕ ಏನು ಮಾಡಿದ್ದಳು ಅಂದ್ರೆ, ಅಕ್ಕಿ ಡಬ್ಬಿಗೆ ಮುಚ್ಚಿದ್ದಳು. :)

ಮಾರನೇ ದಿನ ಕೊರಟಗೆರೆ ಕಡೆ. ದೊಡ್ಡಮ್ಮನದ್ದು ಬೇರೆ ರೋಗ. ಬುಟ್ಟಿ ತಿರುಗುತ್ತೆ, ಆದ್ರೆ ಎತ್ತು ಕೆಸರಲ್ಲಿ ನಡೆದ ಹಾಗೆ ನಿಧಾನ. ಬಟ್ಟೆ ತೆಗೆದ್ರೆ ಹಾಕಿದಷ್ಟೇ ಒದ್ದೆ. ಮೆಕ್ಯಾನಿಕ್ ಒಬ್ಬ ನೋಡಿ ಮೋಟರ್ ಹೋಗಿದೆ, ಹೊಸದು ಹಾಕಬೇಕು ಅಂದಿದ್ದನಂತೆ. ನಾನು ಸುಮ್ಮನೆ ಹಿಂದೆ ಬಗ್ಗಿ ನೋಡಿದೆ. ನೀರು ಹೋಗೋ ಪೈಪನ್ನ ದೊಡ್ಡಮ್ಮ ಎತ್ತಿ ಕಟ್ಟೆ ಮೇಲೆ ಹಾಯಿಸಿ ಕರಿಬೇವಿನ ಗಿಡದ ಪಾತಿಗೆ ಬಿಟ್ಟಿದ್ರು. ಈ ಮೆಷೀನುಗಳಲ್ಲಿ ನೀರನ್ನ ಮೇಲೆತ್ತೋ ಪಂಪ್ ಇರಲ್ಲ, ತನ್ನಷ್ಟಕ್ಕೆ ಇಳಿದು ಹೋಗಬೇಕು. ಪೈಪ್ ಮೇಲಿದ್ರೆ ಹಿಂಡಿದ ನೀರು ಆಚೆ ಹೋಗದೆ ಬುಟ್ಟಿಯ ಕೆಳಗೇ ನಿಲ್ಲುತ್ತೆ, ಬುಟ್ಟಿ ಆ ನೀರಲ್ಲಿ ಈಜಾಡುತ್ತೆ. ಪೈಪು ಕೆಳಗಿಳಿಸಿದೆ. ಬಕ ಬಕ ಅಂತ ಅರ್ಧ ಬಕೆಟ್ ನೀರು ಬಂತು, ಜೊತೆಗೆ ದೊಡ್ಡಪ್ಪನ ಒಂದು ಅಂಗಿ ಗುಂಡಿ. ಮೋಟರ್ ಏನೂ ಆಗಿರಲಿಲ್ಲ.

"ಹಂಗಾದ್ರೆ ಗಿಡಕ್ಕೆ ನೀರು ಹೆಂಗಪ್ಪ?" ಅಂದ್ರು ದೊಡ್ಡಮ್ಮ. ಅವರಿಗೆ ಮೆಷೀನಿಗಿಂತ ಅದೇ ಮುಖ್ಯ. ತಪ್ಪೇನಿಲ್ಲ, ಕೊಳವೆಬಾವಿ ನೀರಿನ ಬೆಲೆ ಗೊತ್ತಿರೋರು. ಮೆಷೀನನ್ನೇ ನಾಲ್ಕು ಇಟ್ಟಿಗೆ ಎತ್ತರಕ್ಕೆ ಗಟ್ಟಿಯಾಗಿ ಏರಿಸಿದ್ವಿ, ಪಾತಿ ಕೆಳಗಾಯ್ತು. ಇಬ್ಬರಿಗೂ ಖುಷಿ.

ಆ ರಾತ್ರಿ ತಮ್ಮ ವಿಡಿಯೋ ಕಾಲ್ ಮಾಡಿದ್ದ. ಅವನ ಮನೇಲೂ ಡ್ರೈಯರ್ ಗೋಳು. ಒಂದು ಸುತ್ತಿಗೆ ಒಣಗ್ತಿದ್ದ ಬಟ್ಟೆಗೆ ಈಗ ಎರಡು ಸುತ್ತು ಬೇಕಂತೆ. ಅದರ ಜಾಲರಿಯಲ್ಲಿ ಬಟ್ಟೆಯ ನವಿರು ನಾರು, ಹತ್ತಿಯ ಹಾಗೆ, ಕೂರುತ್ತೆ. ಪ್ರತಿ ಸಲ ತೆಗೀಬೇಕು. ಅದನ್ನ ಅವನು ತೆಗೀತಿದ್ದ. ಆದ್ರೆ ಬಿಸಿಗಾಳಿ ಗೋಡೆಯಾಚೆ ಹೋಗೋ ಕೊಳವೆ ಮೆಷೀನಿನ ಹಿಂದೆ ಜಜ್ಜಿ ಹೋಗಿ ನಾರು ತುಂಬಿಕೊಂಡಿತ್ತು. ಬಟ್ಟೆ ಒಣಗೋಕೆ ಹೊತ್ತು ಹಿಡಿಯೋದೇ ಅದರ ಮೊದಲ ಲಕ್ಷಣ. ಆ ನಾರು ಬೂದಿ ಥರ ಕಂಡ್ರೂ ಬೆಂಕಿಗೆ ಒಳ್ಳೇ ಆಹಾರ. ಅಮೆರಿಕದ ಅಗ್ನಿಶಾಮಕ ಇಲಾಖೆಯ 2008ರಿಂದ 2010ರವರೆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಬಿದ್ದಿದೆ. ಮೂರರಲ್ಲಿ ಒಂದಕ್ಕೆ ಕಾರಣ ಏನು ಅಂದ್ರೆ ಸ್ವಚ್ಛ ಮಾಡದೇ ಇದ್ದದ್ದು. "ನಾಳೆನೇ ಕ್ಲೀನ್ ಮಾಡೋ, ಮಕ್ಕಳಿರೋ ಮನೆ" ಅಂತ ದೊಡ್ಡ ಭಾಷಣ ಬಿಗಿದೆ. ಯಾರು? ಮುಚ್ಚಳದ ಸ್ವಿಚ್ಚನ್ನ ಡೈರೆಕ್ಟ್ ಮಾಡಿ ಬಂದಿದ್ದ ನಾನು!

ಕೊನೆಗೆ ಪಾವಗಡ. ಅತ್ತೆ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ವಾಕ್ಯದಲ್ಲಿ ಓಡಾಡ್ತವೆ. ಮೂರು ಕಡೆ ಆಂಧ್ರ ಇರೋ ಊರಲ್ಲವೇ. "ಏಂ ನಾಯ್ನಾ, ಈಗ ಬಂದ್ಯಾ" ಅಂತ ಮಜ್ಜಿಗೆ ಕೊಟ್ಟು ಕೂರಿಸಿದ್ರು. ಅವರ ಡ್ರೈಯರ್ ಗುಂಯ್ ಅನ್ನುತ್ತೆ, ತಿರುಗಲ್ಲ. ಕೈಯಿಂದ ಒಂದು ಸುತ್ತು ತಳ್ಳಿದ್ರೆ ಓಡುತ್ತೆ. ಇದು ಕೆಪಾಸಿಟರ್ ಕತೆ. ಮನೆ ಕರೆಂಟಿನಲ್ಲಿ ಓಡೋ ಈ ಮೋಟರಿಗೆ ಯಾವ ಕಡೆ ತಿರುಗಬೇಕು ಅಂತ ಮೊದಲ ನೂಕು ಕೊಡೋಕೆ ಕೆಪಾಸಿಟರ್ ಬೇಕು. ಅದು ಸೊರಗಿದ್ರೆ ಮೋಟರ್ ನಿಂತಲ್ಲೇ ಗುನುಗ್ತಾ ಬಿಸಿಯಾಗಿ ಸುಟ್ಟೇ ಹೋಗುತ್ತೆ. ಸಂಜೆ ವೋಲ್ಟೇಜ್ ಕಮ್ಮಿ ಇದ್ರೆ ಇನ್ನೂ ಕಷ್ಟ. ಅದರ ಮೈಮೇಲೆ ಬರೆದಿರೋ ಅಳತೆಯದ್ದನ್ನೇ ತರಬೇಕು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದು, ಹಾಗಾಗಿ ಬರೀ ಕೈಲಿ ಅದರ ತುದಿ ಮುಟ್ಟಬಾರದು. ಗೊತ್ತಿಲ್ಲದಿದ್ರೆ ಗೊತ್ತಿರೋರನ್ನ ಕರೆಯಿರಿ. ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿತು, ಹಾಕಿದೆ.

ಬುಟ್ಟಿ ತೆಗೆದು ನೋಡಿದ್ರೆ ಕೆಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳೀ ಪದರ. "ಫ್ಲೋರೈಡ್ ನೋಡು" ಅಂದ್ರು ಅತ್ತೆ. ಅಲ್ಲ, ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಸೋಪು ನೊರೆ ಬರದೆ ಮೊಸರೊಡೆದ ಹಾಗೆ ಆಗೋದೂ ಅದರಿಂದಲೇ. ಫ್ಲೋರೈಡ್ ಕಣ್ಣಿಗೆ ಕಾಣಲ್ಲ, ರುಚಿಗೂ ಸಿಗಲ್ಲ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ದಾರಿ ಇಲ್ಲದಿದ್ರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಪಾವಗಡದ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದಕ್ಕಿಂತ ಜಾಸ್ತಿ ಇದೆ. ವರ್ಷಗಟ್ಟಲೆ ಕುಡಿದ್ರೆ ಮೊದಲು ಹಲ್ಲು, ಆಮೇಲೆ ಮೂಳೆ, ಕೀಲು. ಕುದಿಸಿದ್ರೆ ಹೋಗಲ್ಲ. ಡ್ರೈಯರಿನ ಬಿಳಿ ಪದರಕ್ಕೆ ನಿಂಬೆ ಉಪ್ಪು ಕಲಸಿದ ನೀರು ಹಾಕಿ ಒಂದು ಗಂಟೆ ಬಿಟ್ಟು ಉಜ್ಜಿದೆ, ಬಿಟ್ಟುಕೊಂಡಿತು.

ನಾನು ಉಜ್ಜುತ್ತಾ ಕೂತಿದ್ದಾಗ ಅತ್ತೆ ಬಾಗಿಲಲ್ಲಿ ಕೂತು ತಮ್ಮ ಬೆರಳು ಒತ್ತಿಕೊಳ್ತಾ ಕೇಳಿದ್ರು, "ನಿಮ್ಮಮ್ಮನ ಕೈ ಈಗ ಹೆಂಗಿದೆ?"

"ಯಾವ ಕೈ?"

ಅತ್ತೆ ಸುಮ್ಮನಾದ್ರು. ಹೇಳಬಾರದ್ದು ಹೇಳಿದೆ ಅನ್ನೋ ಮುಖ. ಬಿಡಲಿಲ್ಲ ನಾನು.

"ನಂಗೇಳಬ್ಯಾಡ ಅಂದಿದ್ಲು. ಯುಗಾದಿ ಆಗಿ ಹದಿನೈದು ದಿನಕ್ಕೆ. ಡ್ರೈಯರ್ ಓಡ್ತಿತ್ತಂತೆ. ಸಾಕು ನಿಲ್ಲಿಸೋಣ ಅಂತ ಮುಚ್ಚಳ ಎತ್ತಿದ್ಲಂತೆ. ಮುಂಚೆ ಹಂಗೇ ತಾನೇ ನಿಲ್ಲಿಸ್ತಿದ್ದಿದ್ದು. ಇದು ನಿಲ್ಲಲಿಲ್ಲ. ಬಗ್ಗಿದಾಗ ಸೆರಗು ಜಾರಿ ಒಳಗೆ ಬಿತ್ತಂತೆ, ಸರ್ರಂತ ಎಳ್ಕಂಡಿದೆ. ಬಲಗೈಲಿ ಸೆರಗು ಹಿಡ್ಕಂಡು ಎಡಗೈಲಿ ವೈರ್ ಎಳೆದು ಪ್ಲಗ್ ಕಿತ್ತವ್ಳೆ. ಸೀರೆ ಹರೀತು, ಸದ್ಯ. ಹರೀದೆ ಇದ್ದಿದ್ರೆ..."

ಅತ್ತೆ ಮುಂದೆ ಹೇಳಲಿಲ್ಲ. ನಿಮಿಷಕ್ಕೆ 1,300 ಸುತ್ತು. ಇನ್ನೂರು ಪಟ್ಟು. ನನ್ನ ಲೆಕ್ಕವೆಲ್ಲ ನನ್ನ ಎದುರಿಗೇ ಬಂದು ನಿಂತಿತು.

"ಮೊದಲೇ ಆ ಕೈ ಸರಿ ಇಲ್ಲ. ರಾತ್ರಿ ಹೆಬ್ಬೆರಳು, ಪಕ್ಕದೆರಡು ಬೆರಳು ಜೋಮು ಹಿಡೀತವೆ, ಎದ್ದು ಕೈ ಒದರ್ಕಂಡು ಕೂತ್ಕಂತಾಳೆ. ಎಷ್ಟೋ ವರ್ಷದಿಂದ. ಬಟ್ಟೆ ಹಿಂಡಕಾಗಲ್ಲ ಅಂತಲೇ ಚೀಟಿ ಎತ್ತಿ ಮೆಷೀನ್ ತಂದಿದ್ದು. ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ.

ಅರ್ಧ ಮೆಷೀನು. ಒಗೆಯೋಕೆ ಅಮ್ಮನಿಗೆ ಆಗ್ತಿತ್ತು, ಜಾಲಿಸೋಕೆ ಆಗ್ತಿತ್ತು. ಹಿಂಡೋಕೆ ಮಾತ್ರ ಆಗ್ತಿರಲಿಲ್ಲ. ಅದಕ್ಕೇ ಆ ಅರ್ಧ ಮಾತ್ರ ಬಳಸ್ತಿದ್ದಳು. ಬಿಸಿಲೂರಿಗೆ ಡ್ರೈಯರ್ ಯಾಕೆ ಅಂತ ನಾನೂ ಅಪ್ಪನೂ ಸೂರ್ಯನನ್ನ ತೋರಿಸಿ ಕೇಳಿದ್ವಿ. ಸೂರ್ಯ ಒಣಗಿಸಬಹುದು, ನಾಲ್ಕು ಬೆಡ್‌ಶೀಟು ಹಿಂಡಿಕೊಡ್ತಾನಾ?

ಇನ್ನೂ ಒಂದು ವಿಷಯ ಆಗ ನೆನಪಾಯ್ತು. ಸೆಪ್ಟೆಂಬರಿನಲ್ಲಿ ಗೌರಿ ಹಬ್ಬಕ್ಕೆ ಹೋಗಿದ್ದಾಗ ಡ್ರೈಯರ್ ಮೇಲೆ ಹಳೇ ದುಪ್ಪಟಿ ಹೊದಿಸಿತ್ತು. "ಯಾಕಮ್ಮ?" ಅಂದಿದ್ದಕ್ಕೆ "ಒಳ್ಳೇ ಬಿಸಿಲಿದೆ, ಸುಮ್ನೆ ಕರೆಂಟ್ ದಂಡ" ಅಂದಿದ್ದಳು. ನಾನು ಗೆದ್ದವನ ಹಾಗೆ ಅಪ್ಪನ ಮುಖ ನೋಡಿ ನಕ್ಕಿದ್ದೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ, ಹೆಚ್ಚುಕಮ್ಮಿ ಆರು ತಿಂಗಳು, ಅಮ್ಮ ಆ ಕೈಯಲ್ಲೇ ಬಟ್ಟೆ ಹಿಂಡಿದ್ದಾಳೆ. ಫೋನಿನಲ್ಲಿ ಕೇಳಿದಾಗಲೆಲ್ಲ "ಮೆಷೀನ್ ಚೆನ್ನಾಗಿ ಓಡ್ತಿದೆ ಕಣಪ್ಪ" ಅಂದಿದ್ದಾಳೆ. ನಾನು ಮಾಡಿದ ರಿಪೇರಿ ಅಲ್ವಾ, ಕೆಟ್ಟಿದೆ ಅಂತ ಹೇಗೆ ಹೇಳೋದು ಅಂತ.

ಪಾವಗಡದಿಂದ ಮಧುಗಿರಿಗೆ ಹೇಗೆ ಬಂದೆ ಅಂತ ಸರಿಯಾಗಿ ನೆನಪಿಲ್ಲ.

ಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿದ್ದಳು. ಅಪ್ಪನ ಪಂಚೆಯನ್ನ ನಲ್ಲಿಯ ತಿರುಪಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ಇಡೀ ಮೈಯಿಂದ ತಿರುಚುತ್ತಿದ್ದಳು. ಮಣಿಕಟ್ಟು ಬಳಸದೆ ಹಿಂಡೋಕೆ ಅವಳೇ ಕಂಡುಕೊಂಡಿದ್ದ ಉಪಾಯ. ನನ್ನ ನೋಡಿ "ಅತ್ತೆ ಮನೇಲಿ ಊಟ ಆಯ್ತಾ?" ಅಂದಳು.

"ಕೈ ತೋರಿಸಮ್ಮ" ಅಂದೆ.

"ಅವಳಿಗೆ ಬಾಯಿ ನಿಲ್ಲಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀನು ಬಸ್ಸಿಗೆ ಹೊರಡೋ ಅವಸರದಲ್ಲಿದ್ದೆ. ಆದ್ರೂ ಕೂತು ಮಾಡಿಕೊಟ್ಟೆ. ಅದನ್ನ ಹೇಳಿ ನಿನ್ನ ನೋಯಿಸ್ಲಾ?" ಅಂದಳು. ಬೈದಿದ್ರೆ ಚೆನ್ನಾಗಿತ್ತು.

ಮಾರನೇ ದಿನ ತುಮಕೂರಿಗೆ ಹೋದ್ವಿ. ಡಾಕ್ಟರು ಮಣಿಕಟ್ಟು ಬಗ್ಗಿಸಿ ನೋಡಿ, ನರದ ಪರೀಕ್ಷೆ ಮಾಡಿಸಿದ್ರು. ಅಂಗೈಗೆ ಹೋಗೋ ನರ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಒತ್ತಿಕೊಂಡಿದೆಯಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯೋದು ಅದರ ಲಕ್ಷಣ. ಮಣಿಕಟ್ಟನ್ನ ಮತ್ತೆ ಮತ್ತೆ ತಿರುಚೋ ಕೆಲಸ ಅದಕ್ಕೆ ಆಗಿ ಬರಲ್ಲ. ರಾತ್ರಿ ಕಟ್ಟಿಕೊಳ್ಳೋಕೆ ಒಂದು ಪಟ್ಟಿ ಕೊಟ್ಟು, ಕಮ್ಮಿ ಆಗದಿದ್ರೆ ಚಿಕ್ಕ ಆಪರೇಷನ್ ಅಂದ್ರು. "ಬಟ್ಟೆ ಹಿಂಡಬೇಡಿ" ಅಂತ ಚೀಟಿಯಲ್ಲೇ ಬರೆದ್ರು. ಅಪ್ಪ ಆ ಚೀಟಿಯನ್ನ ಎರಡು ಸಲ ಓದಿದ್ರು. ಏನೂ ಮಾತಾಡಲಿಲ್ಲ.

ವಾಪಸ್ ಬರುವಾಗ ಮೂರು ಅಂಗಡಿ ಸುತ್ತಿ ಆ ಪ್ಲಾಸ್ಟಿಕ್ ಕೊಕ್ಕೆ, ಹೊಸ ಬ್ರೇಕ್ ತಂತಿ, ಹೊಸ ಸ್ವಿಚ್ಚು ತಂದೆ. ಮೂರಕ್ಕೂ ಸೇರಿ ನಾವು ಬಸ್ಸಿಗೆ ಕೊಟ್ಟಷ್ಟು ದುಡ್ಡೂ ಆಗಲಿಲ್ಲ. ನನ್ನ ಬೈಂಡಿಂಗ್ ವೈರನ್ನ ಕತ್ತರಿಸಿ ತೆಗೆದೆ. ಟೇಪು ಬಿಚ್ಚಿದೆ. ಬುಟ್ಟಿಯ ಕೆಳಗೆ ಕೈ ಹಾಕಿದ್ರೆ ಹಸಿರು ಸೀರೆಯ ನೂಲು ಶಾಫ್ಟಿಗೆ ಸುತ್ತಿಕೊಂಡಿತ್ತು. ಗೃಹಪ್ರವೇಶಕ್ಕೆ ಉಟ್ಟಿದ್ದ ಸೀರೆ, ಆಮೇಲೆ ಮನೆಯಲ್ಲಿ ಉಡೋಕೆ ಇಟ್ಟುಕೊಂಡಿದ್ದು. ಬ್ಲೇಡಿನಿಂದ ಒಂದೊಂದೇ ಎಳೆ ತೆಗೆಯೋಕೆ ಅರ್ಧ ಗಂಟೆ ಹಿಡಿಯಿತು.

ಇಷ್ಟು ಬರೆದ ಮೇಲೆ ನಿಮಗೆ ನಾಲ್ಕು ಮಾತು ಹೇಳದಿದ್ರೆ ತಪ್ಪಾಗುತ್ತೆ. ನಿಮ್ಮ ಊರಿನ ಮನೆಯಲ್ಲೂ ಇಂಥದ್ದೇ ಮೆಷೀನ್ ಇದ್ರೆ, ಈ ಸಲ ಹೋದಾಗ ನೋಡಿ. ಡ್ರೈಯರ್ ಓಡುವಾಗ ಮುಚ್ಚಳ ಎತ್ತಿ, ಕೈ ಹಾಕಬೇಡಿ, ಸುಮ್ಮನೆ ಎಣಿಸಿ. ಹತ್ತು ಹದಿನೈದು ಎಣಿಸೋಷ್ಟರಲ್ಲಿ ಬುಟ್ಟಿ ಪೂರ್ತಿ ನಿಲ್ಲಬೇಕು. ನಿಲ್ಲದಿದ್ರೆ ಬ್ರೇಕ್ ಸವೆದಿದೆ ಅಥವಾ ತಂತಿ ಕೆಟ್ಟಿದೆ, ಅದು ಸರಿ ಆಗೋವರೆಗೆ ಮೆಷೀನ್ ಓಡಿಸಬೇಡಿ. ತಿರುಗುವಾಗ ಸುಟ್ಟ ರಬ್ಬರ್ ವಾಸನೆ ಬಂದ್ರೆ ಬ್ರೇಕ್ ಬಿಡ್ತಿಲ್ಲ ಅಂತ. ಕೆಳಗೆ ಮೋಟರ್ ಹತ್ತಿರ ನೀರು ತೊಟ್ಟಿಕ್ಕುತ್ತಿದ್ರೆ ಬುಟ್ಟಿಯ ಶಾಫ್ಟಿನ ರಬ್ಬರ್ ಸೀಲ್ ಹರಿದಿದೆ, ಅದನ್ನ ಮುಂದಕ್ಕೆ ಹಾಕಬೇಡಿ, ಶಾಕ್ ಹೊಡೆಯೋದು ಹಾಗೇ. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಇರಲಿ. ಎಲೆಕ್ಟ್ರಿಶಿಯನ್ ಕರೆಸಿ ಒಂದ್ಸಲ ನೋಡಿಸಿ. ಸ್ವಿಚ್ ಬೋರ್ಡು ಮೆಷೀನಿನ ಪಕ್ಕದಲ್ಲೇ ಕೈಗೆ ಸಿಗೋ ಹಾಗಿರಲಿ, ಆದ್ರೆ ನೀರು ಸಿಡಿಯೋ ಕಡೆ ಬೇಡ. ಯಾರಾದ್ರೂ ಮುಚ್ಚಳದ ಸ್ವಿಚ್ಚನ್ನ "ಡೈರೆಕ್ಟ್ ಮಾಡಿದೀನಿ, ಈಗ ಓಡುತ್ತೆ" ಅಂದ್ರೆ, ಅವರು ಎಷ್ಟೇ ಓದಿರಲಿ, ಸ್ವಂತ ಮಗನೇ ಆಗಿರಲಿ, ನಂಬಬೇಡಿ.

ಆ ಸಂಜೆ ಎಲ್ಲ ಜೋಡಿಸಿ ಅಮ್ಮನನ್ನ ಕರೆದೆ. ಅವಳು ಎರಡು ಟವಲು ಹಾಕಿದಳು, ತಟ್ಟೆ ಇಟ್ಟಳು, ಸೆರಗನ್ನ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಮುಂಚೆ ಸಿಕ್ಕಿಸಿಕೊಳ್ತಿರಲಿಲ್ಲ. ಟೈಮರ್ ತಿರುಗಿಸಿದಳು. ಬುಟ್ಟಿ ವೇಗ ಹಿಡಿದ ಮೇಲೆ ನಾನು "ಈಗ ಎತ್ತಮ್ಮ" ಅಂದೆ. ಅವಳು ಕೈ ಮುಂದೆ ಚಾಚಿ ಹಿಂದಕ್ಕೆ ಎಳೆದುಕೊಂಡಳು. "ನೀನೇ ಎತ್ತು" ಅಂದಳು.

ಎತ್ತಿದೆ. ಕರೆಂಟು ಹೋದ ಸದ್ದು, ಕೆಳಗೆ ಬ್ರೇಕ್ ಹಿಡಿದ ಕರಕರ. ಅಮ್ಮ ದೂರದಲ್ಲಿ ನಿಂತು ಬೆರಳು ಮಡಚುತ್ತಾ ಎಣಿಸಿದಳು. ಒಂಬತ್ತಕ್ಕೆ ನಿಂತಿತು.

"ಇನ್ನೊಂದ್ಸಲ" ಅಂದಳು. ಮತ್ತೆ ಒಂಬತ್ತು. ಮೂರನೇ ಸಲ ಅವಳೇ ಎತ್ತಿದಳು.

ಈಗ ಊರಿಗೆ ಹೋದಾಗಲೆಲ್ಲ ಮೊದಲು ಹಿತ್ತಲಿಗೆ ಹೋಗಿ ಮುಚ್ಚಳ ಎತ್ತಿ ಎಣಿಸ್ತೀನಿ, ಆಮೇಲೆ ಕಾಫಿ. ಒಣಗಿಸೋ ಕೆಲಸ ಅಪ್ಪನದು. ಪಂಚೆಯನ್ನ ತಂತಿ ಮೇಲೆ ಒಂದು ಸುಕ್ಕಿಲ್ಲದ ಹಾಗೆ ಹರಡ್ತಾರೆ. ಬಿಸಿಲಿನ ವಿಷಯ ಮಾತ್ರ ಎತ್ತೋದಿಲ್ಲ.